ಜೋಸೆಫ್ ಕಾನ್ರಾಡ್

ಇಂಗ್ಲಿಷ್ ಕಾದಂಬರಿಕಾರನೆಂದು ಪ್ರಖ್ಯಾತನಾದ ಜೋಸೆಫ್ ಕಾನ್ರಾಡನ ಮಾತೃಭಾಷೆ ಪೋಲಿಷ್. ರಷ್ಯಾದ ಆಳ್ವಿಕೆಯಲ್ಲಿದ್ದ ಬೆರ್ಡಿಚೆವ್ ಪಟ್ಟಣದಲ್ಲಿ 1857ರಲ್ಲಿ ಜನಿಸಿದ ಅವನು ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡನು. ಹದಿನಾರರ ಹರೆಯದಲ್ಲಿ ನಾವಿಕನಾಗಲೆಂದು ಫ್ರಾನ್ಸಿಗೆ ತೆರಳಿದನು. 1878ರಲ್ಲಿ ಇಂಗ್ಲೆಂಡಿನ ಲೋಸ್ಟಾಫ್ಟ್ ಬಂದರಿನಲ್ಲಿ ಇಳಿದಾಗ ಅವನಿಗಿದ್ದ ಇಂಗ್ಲಿಷ್ ಜ್ಞಾನ ಅತ್ಯಲ್ಪ. ಅಲ್ಲಿಂದ ನ್ಯೂಕಾಸಲ್‌ಗೆ ಹೋಗಿಬರುತ್ತಿದ್ದ ಕಲ್ಲಿದ್ದಲಿನ ಹಡಗೇ ಅವನ ಪಾಠಶಾಲೆಯಾಯಿತು. ಪೂರ್ವ ಕರಾವಳಿಯ ನಾವಿಕರೇ ಗುರುಗಳಾದರು. ಅವರದು ಗ್ರಂಥಗಳ ಭಾಷೆಯಲ್ಲ, ಪ್ರಾದೇಶಿಕ ಉಚ್ಚಾರಣೆಯ ಆಡುಮಾತು. ಅದಕ್ಕೆ ಕಿವಿಗೊಟ್ಟು, ಬಿಡುವಿನಲ್ಲಿ ಓದಿ, ಅವನು ಆ ಭಾಷೆಯನ್ನು ಕರಗತ ಮಾಡಿಕೊಂಡನು. 1886ರಲ್ಲಿ ಹಡಗಿನ ಕಪ್ತಾನನ ಪರೀಕ್ಷೆಯಲ್ಲಿ ಮೊದಲು ಸೋತರೂ ಅದೇ ವರ್ಷ ಉತ್ತೀರ್ಣನಾದನು. 1895ರಲ್ಲಿ ಅವನ ಪ್ರಥಮ ಕಾದಂಬರಿ ಪ್ರಕಟವಾಯಿತು. 1924ರಲ್ಲಿ ನಿಧನನಾಗುವವರೆಗೂ ಪೋಲಿಷ್ ಉಚ್ಚಾರಣೆ ಅವನ ನಾಲಗೆಯನ್ನು ಬಿಡಲಿಲ್ಲ. ಆದರೆ ಅವನ ಲೇಖನಿಗೆ ಅದು ಎಂದೂ ಅಡ್ಡಿಯಾಗಲಿಲ್ಲ.