ಕಡಲ ನೀಲಿಯಿಂದ ಜೀವಕೋಶದವರೆಗೆ

ಚಿನ್ನ ಅಥವಾ ಬೆಳ್ಳಿಯ ನ್ಯಾನೊ ಕಣಗಳೊಡನೆ ರಕ್ತದ ಹನಿಯೊಂದನ್ನು ಬೆರೆಸಿ, ಲೇಸರ್ ಬೆಳಕು ಹಾಯಿಸಿ, ಚದುರಿ ಬರುವ ಬೆಳಕಿನಲ್ಲಿ ಕ್ಯಾನ್ಸರ್‌ನ ಸುಳಿವು ಹುಡುಕುವ ಸಂಶೋಧನೆ ಇಂದು ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ನಡೆದಿದೆ. ಅಂಥ ವರದಿಗಳನ್ನು ಓದುವಾಗಲೆಲ್ಲ ನನ್ನ ಮನಸ್ಸು ಸರ್ ಸಿ.ವಿ. ರಾಮನ್ ಅವರ ಬದುಕಿನತ್ತ ಹೊರಳುತ್ತದೆ. ಈ ವಿಧಾನದ ಬುಡದಲ್ಲಿರುವುದು ಅವರ ಹೆಸರಿನ ಪರಿಣಾಮವೇ. ಆದರೆ ರೋಗಪತ್ತೆ ಅವರ ಗುರಿಯಾಗಿರಲಿಲ್ಲ.

1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್, 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆ ಸೇರಿದರು. ಕಚೇರಿಯ ವೇಳೆಯ ಹಿಂದೆಮುಂದೆ ಪ್ರಯೋಗಗಳಲ್ಲಿ ಮುಳುಗಿರುತ್ತಿದ್ದ ಅವರು, 1917ರಲ್ಲಿ ಹೆಚ್ಚು ಸಂಬಳದ ಆ ಹುದ್ದೆಯನ್ನು ತೊರೆದು ಪ್ರಾಧ್ಯಾಪಕರಾದರು. 1921ರ ಸಮುದ್ರಯಾನದಲ್ಲಿ ಮೆಡಿಟರೇನಿಯನ್ ಕಡಲಿನ ನೀಲಿ ಅವರನ್ನು ಕಾಡಿತು. ಅದು ಆಕಾಶದ ಪ್ರತಿಬಿಂಬ ಮಾತ್ರವೆಂಬ ಅಂದಿನ ವಿವರಣೆಯನ್ನು ಅವರು ಒಪ್ಪಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ತೋರಿಸಿದರು. ಅದೇ ಜಾಡು ಹಿಡಿದು, ಕೆ.ಎಸ್. ಕೃಷ್ಣನ್ ಅವರ ಸಹಯೋಗದಲ್ಲಿ, 1928ರ ಫೆಬ್ರುವರಿಯಲ್ಲಿ ಹೊಸ ಸತ್ಯವೊಂದನ್ನು ಕಂಡರು. ಚದುರಿದ ಬೆಳಕಿನ ಅತ್ಯಲ್ಪ ಭಾಗ ತನ್ನ ಬಣ್ಣವನ್ನೇ ಬದಲಿಸುತ್ತದೆ. ಆ ಬದಲಾವಣೆ ಬೆರಳಚ್ಚಿನಂತೆ ಆಯಾ ಅಣುವಿಗೇ ವಿಶಿಷ್ಟ. 1930ರಲ್ಲಿ ನೊಬೆಲ್ ಬಂತು.

1933ರಲ್ಲಿ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದ ರಾಮನ್, ವಿವಾದಗಳ ನಡುವೆ 1937ರಲ್ಲಿ ಆ ಪದವಿ ಬಿಟ್ಟರು; ಪ್ರಾಧ್ಯಾಪಕರಾಗಿ 1948ರವರೆಗೂ ಉಳಿದರು. ಬಳಿಕ ತಾವೇ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲಿ, ಸರ್ಕಾರದ ಅನುದಾನಕ್ಕೆ ಕೈಚಾಚದೆ, 1970ರಲ್ಲಿ ಕಣ್ಮುಚ್ಚುವವರೆಗೂ ದುಡಿದರು.

ಅವರು ಕಂಡ ಬೆಳಕು ತೀರ ಕ್ಷೀಣ. ಸುಮಾರು ಒಂದು ಕೋಟಿ ಬೆಳಕಿನ ಕಣಗಳಲ್ಲಿ ಒಂದು ಮಾತ್ರ ಹೀಗೆ ಬಣ್ಣ ಬದಲಿಸುತ್ತದೆ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ, ಒರಟುಗೊಳಿಸಿದ ಬೆಳ್ಳಿಗೆ ಅಂಟಿದ ಅಣುಗಳು ಅಸಾಧಾರಣವಾಗಿ ಬಲವಾದ ಸಂಕೇತ ನೀಡಿದವು. ಅದು ಲಕ್ಷಗಟ್ಟಲೆ ಪಟ್ಟಿನ ವರ್ಧನೆಯೆಂಬುದು 1977ರಲ್ಲಿ ಸ್ಪಷ್ಟವಾಯಿತು. ಬೆಳಕು ಬಿದ್ದಾಗ ಲೋಹದ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡಿ, ಮೇಲ್ಮೈಯ ವಿದ್ಯುತ್ ಕ್ಷೇತ್ರವನ್ನು ತೀವ್ರಗೊಳಿಸುವುದೇ ಇದರ ಮುಖ್ಯ ಕಾರಣ. 1997ರ ವೇಳೆಗೆ ಬೆಳ್ಳಿಯ ನ್ಯಾನೊ ಕಣಗಳ ನೆರವಿನಿಂದ ಒಂಟಿ ಅಣುವನ್ನೂ ಗುರುತಿಸುವುದು ಸಾಧ್ಯವಾಯಿತು. ನೀರು ತಾನು ದುರ್ಬಲ ಸಂಕೇತವನ್ನಷ್ಟೇ ನೀಡುವುದರಿಂದ, ನೀರೇ ತುಂಬಿರುವ ಜೀವಕೋಶದ ಅಧ್ಯಯನಕ್ಕೆ ಈ ವಿಧಾನ ಒಗ್ಗಿತು.

ಇದು ಇನ್ನೂ ಆಸ್ಪತ್ರೆಗಳ ದಿನನಿತ್ಯದ ಪರೀಕ್ಷೆಯಾಗಿಲ್ಲ. ಕಣಗಳ ಆಕಾರ, ಅಂತರ ತುಸು ಬದಲಾದರೂ ಫಲಿತಾಂಶ ಏರುಪೇರಾಗುತ್ತದೆ. ದೇಹಕ್ಕೆ ಸೇರಿಸಿದ ಚಿನ್ನದ ಕಣಗಳು ಯಕೃತ್ತಿನಲ್ಲಿ ದೀರ್ಘಕಾಲ ಉಳಿಯಬಲ್ಲವು. ರೋಗಿಗಳಿಗೆ ಅವಸರದ ಭರವಸೆ ನೀಡುವುದು ಸಲ್ಲದು.

ಆದರೆ ಅವಸರದ ಪ್ರಶ್ನೆಯೂ ಅಷ್ಟೇ ಅಪಾಯಕಾರಿ ಎಂಬುದು ನನ್ನ ನಂಬಿಕೆ. ಕಡಲ ಬಣ್ಣ ತಿಳಿದು ಏನು ಪ್ರಯೋಜನವೆಂದು 1921ರಲ್ಲಿ ಯಾರಾದರೂ ಕೇಳಿದ್ದರೆ, ಕ್ಯಾನ್ಸರ್ ಪತ್ತೆ ಎಂದು ರಾಮನ್ ಉತ್ತರಿಸಲು ಸಾಧ್ಯವಿರಲಿಲ್ಲ. ಪ್ರತಿವರ್ಷ ಫೆಬ್ರುವರಿ 28ರಂದು ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುವ ನಾವು, ಪ್ರಯೋಜನವನ್ನು ಮುಂಚಿತವಾಗಿ ಹೇಳಲಾರದ ಯುವ ಸಂಶೋಧಕರಿಗೂ ನೆರವಾಗಬೇಕು. ರಾಮನ್ ಅವರಿಗೆ ಸಲ್ಲಬೇಕಾದ ಗೌರವ ಅದೇ.