ತಿರುಮಲೈ ಕೃಷ್ಣಮಾಚಾರ್ಯ

ತಿರುಮಲೈ ಕೃಷ್ಣಮಾಚಾರ್ಯರು (18 ನವೆಂಬರ್ 1888 – 28 ಫೆಬ್ರವರಿ 1989) ಆಧುನಿಕ ಯೋಗಶಿಕ್ಷಣದ ಪ್ರವರ್ತಕರಲ್ಲಿ ಪ್ರಮುಖರು. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಜನಿಸಿದ ಇವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಇವರ ಕನ್ನಡ ಕೃತಿ ‘ಯೋಗಮಕರಂದ’ 1934ರಲ್ಲಿ ಪ್ರಕಟವಾಯಿತು.

ಸಮತೋಲನದ ಅಭ್ಯಾಸ

ಉಸಿರಾಟಕ್ಕೆ ಹೊಂದಿಸಿ ಆಸನಗಳನ್ನು ಜೋಡಿಸುವ ವಿನ್ಯಾಸಕ್ರಮ ಇವರ ಬೋಧನೆಯ ತಿರುಳು. ಉತ್ಥಿತ ಹಸ್ತ ಪಾದಾಂಗುಷ್ಠಾಸನದಲ್ಲಿ ದೇಹಭಾರವೆಲ್ಲ ಒಂದೇ ಕಾಲಿನ ಮೇಲೆ ನಿಲ್ಲುತ್ತದೆ. ಕೋಲು ಬೀಸುವಾಗ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗಿಸಬೇಕಾದ ಗಾಲ್ಫ್ ಆಟಗಾರರೂ ಇಂದು ಇಂತಹ ಭಂಗಿಗಳನ್ನು ಅಭ್ಯಸಿಸುತ್ತಾರೆ. ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸ್ ಹಾಗೂ ಇಂದ್ರಾದೇವಿ ಯೋಗವನ್ನು ವಿದೇಶಗಳಿಗೆ ಒಯ್ದರು.

ಕೊನೆಯ ವರ್ಷಗಳು

1950ರಲ್ಲಿ ಯೋಗಶಾಲೆ ಮುಚ್ಚಿದ ನಂತರ ಮದರಾಸಿನಲ್ಲಿ ನೆಲೆಸಿದರು. 96ನೆಯ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದಾಗ ಶಸ್ತ್ರಚಿಕಿತ್ಸೆಗೆ ಒಪ್ಪದೆ, ಮಲಗಿದಲ್ಲೇ ಮಾಡಬಹುದಾದ ಅಭ್ಯಾಸಕ್ರಮವನ್ನು ತಾವೇ ರೂಪಿಸಿಕೊಂಡರು. ನೂರು ವರ್ಷ ತುಂಬಿದ ಮೇಲೆ ನಿಧನರಾದರು.