ಮಗಳ ಕ್ಷಮೆ, ತಾಯಿಯ ಕ್ಷಮೆ

ಸಂತ ಮರಿಯಾ ಗೊರೆಟ್ಟಿ 1890ರಲ್ಲಿ ಇಟಲಿಯ ಕೊರಿನಾಲ್ಡೊ ಎಂಬಲ್ಲಿ ಬಡ ರೈತ ಕುಟುಂಬದಲ್ಲಿ ಜನಿಸಿದಳು. 1902ರ ಜುಲೈ 5ರಂದು, ಒಂದೇ ಸೂರಿನಡಿ ವಾಸವಾಗಿದ್ದ ಅಲೆಸ್ಸಾಂದ್ರೊ ಎಂಬ ತರುಣನ ದುರಿಚ್ಛೆಗೆ ಮಣಿಯದೆ ಅವನ ಇರಿತಕ್ಕೆ ಗುರಿಯಾದಳು. ಮರುದಿನ, ಅವನನ್ನು ಮನಸಾರೆ ಕ್ಷಮಿಸಿ ಪ್ರಾಣಬಿಟ್ಟಳು. ಆಗ ಅವಳಿಗೆ ಕೇವಲ 11 ವರ್ಷ.

ಅಲೆಸ್ಸಾಂದ್ರೊ 27 ವರ್ಷಗಳ ಸೆರೆವಾಸ ಅನುಭವಿಸಿ ಹೊರಬಂದನು. ಕೆಲವು ವರ್ಷಗಳ ಬಳಿಕ ಮರಿಯಾಳ ತಾಯಿ ಅಸ್ಸುಂತಾ ಅವರನ್ನು ಕಂಡು ಕ್ಷಮೆ ಬೇಡಿದನು. ಮಗಳು ಕ್ಷಮಿಸಿದವನನ್ನು ತಾಯಿ ತಿರಸ್ಕರಿಸಲಿಲ್ಲ. ಕ್ರಿಸ್ತಜಯಂತಿಯ ಬಲಿಪೂಜೆಯಲ್ಲಿ ಇಬ್ಬರೂ ಜೊತೆಯಾಗಿ ಪರಮಪ್ರಸಾದ ಸ್ವೀಕರಿಸಿದರು. 1950ರಲ್ಲಿ ಮಗಳಿಗೆ ಸಂತ ಪದವಿ ಲಭಿಸಿದುದನ್ನು ಆ ತಾಯಿ ಕಣ್ಣಾರೆ ಕಂಡರು.

ದಾಯಾದಿಗಳೊಡನೆ, ನೆರೆಮನೆಯವರೊಡನೆ ಮಾತು ಬಿಟ್ಟು ಪೂಜೆಗೆ ಹೋಗುವ ನಾವು ಅಸ್ಸುಂತಾ ಅವರ ಪಕ್ಕದಲ್ಲಿ ಮೊಣಕಾಲೂರಬಲ್ಲೆವೆ?